ಗಣಕಯಂತ್ರಕ್ಕೂ ಒಂದು ಕೀರ್ದಿ ಬೇಕು

ಮುಧೋಳದ ತಿಮ್ಮಾಪುರದಿಂದ ಜಮಖಂಡಿ, ಬೀಳಗಿಯವರೆಗೆ ಹಬ್ಬಿರುವ ನಮ್ಮ ಕಬ್ಬಿನ ಸೀಮೆಯಲ್ಲಿ ಹಂಗಾಮಿನ ವಹಿವಾಟೆಲ್ಲ ತೂಕದ ಕಾಟಾದಿಂದ ಆರಂಭವಾಗುತ್ತದೆ. ಕಾಟಾದ ಮೇಲಿನ ಅಂಕಿ ಗಣಕಯಂತ್ರಕ್ಕೆ ಹೋಗುತ್ತದೆ. ಖಾಲಿ ವಾಹನದ ತೂಕವನ್ನೂ, ರವದಿಗೆಂದು ಕಡಿತವಿದ್ದಲ್ಲಿ ಅದರ ಶೇಕಡಾ ಪ್ರಮಾಣವನ್ನೂ ಕಳೆದು ಚೀಟಿ ಮುದ್ರಿತವಾಗುತ್ತದೆ. ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುತ್ತದೆ. ತಂತ್ರಾಂಶದೊಳಗಿನ ಆ ಶೇಕಡಾ ಅಂಕಿಗೆ ಯಾರ ಮುದ್ರೆ? ಅದು ಒಂದರಿಂದ ಎರಡಾಯಿತೆಂದು ಕಲ್ಪಿಸಿಕೊಳ್ಳಿ: 20 ಟನ್ನಿನ ಹೇರಿನಲ್ಲಿ ಇನ್ನೂ 200 ಕಿಲೋ ಕಬ್ಬು ಲೆಕ್ಕದಿಂದ ಮಾಯ. ಇದಕ್ಕೆ ಕಳ್ಳನೇ ಬೇಕೆಂದಿಲ್ಲ. ಹೊಸ ಆವೃತ್ತಿಯನ್ನು ಅಳವಡಿಸುವಾಗ ಹಳೆಯ ಅಂಕಿಯೊಂದು ಮರಳಿ ಬಂದರೂ ಸಾಕು.

ಇಂತಹ ಅಂಕಿ, ಆವೃತ್ತಿ, ಅನುಮತಿಗಳ ಒಟ್ಟು ಜೋಡಣೆಯೇ ಕಾನ್ಫಿಗರೇಷನ್. ಅದನ್ನು ಕಾಯುವವನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ನಮ್ಮಲ್ಲಿ ಅನೇಕರು ಈತನನ್ನು ಕೆಟ್ಟ ಪ್ರಿಂಟರ್ ಸರಿಪಡಿಸುವವನೆಂದಷ್ಟೇ ಬಲ್ಲರು. ನಿಜವಾಗಿ ಆತನ ಕೆಲಸ ಅಂಗಡಿಯ ದಿವಾನಜಿಯ ಕೆಲಸಕ್ಕೆ ಹತ್ತಿರವಾದುದು. ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ, ಪಾಸ್‌ವರ್ಡ್ ಯಾರ ಬಳಿಯಿದೆ, ಯಾವ ಅಂಕಿಯನ್ನು ಎಂದು, ಯಾರು, ಯಾರ ಒಪ್ಪಿಗೆಯಿಂದ ಬದಲಿಸಿದರು, ಮೊದಲು ಏನಿತ್ತು ಎಂಬುದನ್ನೆಲ್ಲ ಆತ ಬರೆದಿಡಬೇಕು. ಬದಲಾವಣೆಗೆ ಮುನ್ನ ಹಳೆಯ ಜೋಡಣೆಯ ಪ್ರತಿಯನ್ನು ತೆಗೆದಿಡಬೇಕು.

ಒಪ್ಪುವ ಕೈ, ಮಾಡುವ ಕೈ ಬೇರೆಬೇರೆಯಾಗಿರುವುದು ಇದಕ್ಕಿಂತಲೂ ಮುಖ್ಯ. ಕಡಿತದ ಪ್ರಮಾಣವನ್ನು ನಿರ್ಧರಿಸುವುದು ಆಡಳಿತ ಮಂಡಳಿಯ ಕೆಲಸ; ಅಡ್ಮಿನಿಸ್ಟ್ರೇಟರನು ಅದನ್ನು ದಾಖಲಿಸತಕ್ಕವನು. ಫೋನಿನಲ್ಲಿ ಬಂದ ಬಾಯಿಮಾತಿನ ಆಜ್ಞೆಯನ್ನು ನಿರಾಕರಿಸುವ ಅಧಿಕಾರವೂ ಆತನಿಗಿರಬೇಕು. ಈ ಅಧಿಕಾರ ಕೊಡಲು ಮಾಲೀಕರು ಹಿಂಜರಿಯುವುದೇ ಹೆಚ್ಚು.

ಲೋಪ ನಮ್ಮ ಕಚೇರಿಯಲ್ಲಿಯೇ ಇರಬೇಕೆಂದಿಲ್ಲ. 2024ರ ಜುಲೈ 31ರಂದು ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದ ಕಾರಣ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದುಹಾಕಿತು. ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆಗಳಿಗೆ ಅಡಚಣೆಯಾಯಿತು. ಸಹಭಾಗಿ ಸಂಸ್ಥೆಯೊಂದರಲ್ಲಿ ತಪ್ಪಾಗಿ ಕಾನ್ಫಿಗರ್ ಆಗಿದ್ದ ಜೆಂಕಿನ್ಸ್ ಸರ್ವರ್ ಮೂಲಕ ದಾಳಿಕೋರರು ಒಳನುಗ್ಗಿದರೆಂದು ಕ್ಲೌಡ್‌ಸೆಕ್ ಸಂಸ್ಥೆ ವಿಶ್ಲೇಷಿಸಿತು. ಬ್ಯಾಂಕಿನ ಸರ್ವರ್ ಸರಿಯಿದ್ದರೂ ಗ್ರಾಹಕನು ಬಂದು ಕೇಳುವುದು ಬ್ಯಾಂಕನ್ನೇ. ಆದುದರಿಂದ ನಮ್ಮ ಪತ್ತಿನ ಸಂಘಗಳ ಪಟ್ಟಿಯಲ್ಲಿ ತಂತ್ರಾಂಶ ಪೂರೈಸುವವರ ಹೆಸರು, ಅವರಿಗೆ ಕೊಟ್ಟಿರುವ ಪ್ರವೇಶದ ವಿವರವೂ ಇರಬೇಕು.

ಸಣ್ಣ ಉದ್ಯಮಕ್ಕೆ ದುಬಾರಿ ತಂತ್ರಾಂಶವೇನೂ ಬೇಡ, ಒಂದು ದಪ್ಪ ರಿಜಿಸ್ಟರ್ ಸಾಕು. ಹಂಗಾಮಿನ ಮೊದಲ ದಿನ ಎಲ್ಲ ಅಂಕಿಗಳನ್ನು ಮುದ್ರಿಸಿ ಇಬ್ಬರು ಸಹಿ ಮಾಡಲಿ. ವಾರಕ್ಕೊಮ್ಮೆ ಯಂತ್ರದಲ್ಲಿರುವುದನ್ನು ಅದರೊಂದಿಗೆ ತಾಳೆ ನೋಡಲಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇ. 15ರ ಬಡ್ಡಿ. ತಪ್ಪು ಯಾವ ದಿನದ, ಯಾವ ಚೀಟಿಯಿಂದ ಆರಂಭವಾಯಿತೆಂಬುದು ರಿಜಿಸ್ಟರಿನಲ್ಲಿದ್ದರೆ ಅಷ್ಟು ರೈತರಿಗೆ ವ್ಯತ್ಯಾಸದ ಹಣ ಕೊಟ್ಟು ಮುಗಿಸಬಹುದು. ಇಲ್ಲದಿದ್ದರೆ ಇಡೀ ಹಂಗಾಮಿನ ಚೀಟಿಗಳ ಕಟ್ಟು ಬಿಚ್ಚಿ ಕುಳಿತುಕೊಳ್ಳಬೇಕಾದೀತು.