ರೋಗಿಯೂ ಮನೆಯ ವೈದ್ಯನೂ: ಬೆಂಗಳೂರಿನ ಪೂರ್ವಭಾಗವನ್ನು ಕುರಿತ ಒಂದು ವಿವೇಚನೆ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಗೆ ಹೇಳಿರುವ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ ಎಂಬಿವು. ಎಂದರೆ ನೆನಪಿರುವಿಕೆ, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ, ತನ್ನ ಬಾಧೆಯನ್ನು ತಿಳಿಯಹೇಳಬಲ್ಲ ಶಕ್ತಿ. ರೋಗಿಯನ್ನು ಚಿಕಿತ್ಸೆಗೆ ಒಳಗಾಗುವ ಶರೀರವೆಂದು ಮಾತ್ರ ಎಣಿಸದೆ ಚಿಕಿತ್ಸೆಯ ಅಂಗವೆಂದೇ ಎಣಿಸಿರುವುದು ಗಮನಿಸತಕ್ಕ ಅಂಶ. ಮನೆಯ ವೈದ್ಯನಿಗೂ ರೋಗಿಗೂ ಇದ್ದ ಸಂಬಂಧವು ಹೇಗೆ ಮಾರ್ಪಟ್ಟಿತೆಂಬುದನ್ನು ಅಳೆಯಲು ಈ ಗುಣಗಳೇ ಒಳ್ಳೆಯ ಅಳತೆಗೋಲು.

ಬೆಂಗಳೂರಿನ ಪೂರ್ವಭಾಗವು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. 1809ರ ವೇಳೆಗೆ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಗೊಂಡಿತು. ಅದರ ಸುತ್ತ ತಮಿಳು, ತೆಲುಗು, ದಖನಿ, ಇಂಗ್ಲಿಷು, ಕನ್ನಡಗಳನ್ನಾಡುವ ಜನ ಬಂದು ಸೇರಿದರು. ಇಂದಿನ ಶಿವಾಜಿನಗರದಲ್ಲಿರುವ ಬೌರಿಂಗ್ ಆಸ್ಪತ್ರೆ 1860ರ ದಶಕದ್ದು. ದಂಡಿನ ಆಚೆ ಕಗ್ಗದಾಸಪುರ, ಬೈಯಪ್ಪನಹಳ್ಳಿ, ತಿಪ್ಪಸಂದ್ರ ಮೊದಲಾದವು ಕೆರೆಹೊಲಗಳ ಹಳ್ಳಿಗಳಾಗಿದ್ದವು. ಇವುಗಳ ನಡುವೆ ಬೆಳೆದು, 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಿಜ್ಞಾನಿಯ ಹೆಸರನ್ನು ಧರಿಸಿದ ಬಡಾವಣೆಯೇ ಸಿ.ವಿ. ರಾಮನ್ ನಗರ. ಹಳ್ಳಿಯ ನಾಟಿವೈದ್ಯ, ದಂಡಿನ ಡಾಕ್ಟರು, ಕಾರ್ಖಾನೆಯ ಆಸ್ಪತ್ರೆ, ದೂರವಾಣಿಯ ಸಲಹೆ, ಈ ನಾಲ್ಕೂ ಕೆಲವೇ ಮೈಲಿಗಳೊಳಗೆ ಒಂದರ ಮೇಲೊಂದು ಪದರವಾಗಿ ಕೂಡಿವೆ.

ಹಿಂದಿನ ತಲೆಮಾರಿನವರ ಮನೆವೈದ್ಯನು ಬಹುಮಟ್ಟಿಗೆ ಎಲ್.ಎಂ.ಪಿ. ಪದವಿಯವನು, ಇಲ್ಲವೆ 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಯಲ್ಲಿ ಕಲಿತವನು. ಬೀದಿಯ ಮೂಲೆಯಲ್ಲಿ ಅವನ ಷಾಪು. ಒಳಗೆ ಒಂದು ಬೆಂಚು, ಒಂದು ಪರದೆ, ಪರದೆಯ ಹಿಂದೆ ಮಿಕ್ಶ್ಚರು ಕಲಸುವ ಕಾಂಪೌಂಡರು. ರೋಗಿಯು ಸೀಸೆಯನ್ನು ಮನೆಯಿಂದಲೇ ತರಬೇಕು. ಎಷ್ಟು ವೇಳೆಯ ಔಷಧವೋ ಅಷ್ಟು ಕಚ್ಚುಗಳಿರುವ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸಿ ಕೊಡುವರು. ಅಜ್ಜಿಗೆ ಉಬ್ಬಸವಿದ್ದುದನ್ನೂ ತಾಯಿಯ ಬಾಣಂತನದಲ್ಲಿ ಜ್ವರ ಬಂದುದನ್ನೂ ಬಲ್ಲ ಆ ವೈದ್ಯನಿಗೆ ಮಗುವಿನ ಕೆಮ್ಮಿನ ಪೂರ್ವಕಥೆಯನ್ನು ಯಾರೂ ಹೇಳಬೇಕಾಗಿರಲಿಲ್ಲ. ಸ್ಮೃತಿಯೆಂಬ ಗುಣವನ್ನು ಚರಕನು ರೋಗಿಗೆ ವಿಧಿಸಿದರೂ, ವ್ಯವಹಾರದಲ್ಲಿ ಅದು ವೈದ್ಯನ ಪಾಲಿಗೇ ಬಂದಿತ್ತು.

ಭಾಷೆ ಈ ಸಂಬಂಧಕ್ಕೆ ಸಾಕ್ಷಿ ನುಡಿಯುತ್ತದೆ. ‘ಡಾಕ್ಟರಿಗೆ ತೋರಿಸಿದಿರಾ?’ ಎಂಬುದು ಕನ್ನಡದ ವಾಡಿಕೆಯ ಪ್ರಶ್ನೆ. ತೋರಿಸುವವನು ರೋಗಿ, ನೋಡುವವನು ವೈದ್ಯ. ನಡುವೆ ನಂಬಿಕೆಯ ಹೊರತು ಬೇರೊಂದಿಲ್ಲ. ಈಗ ಇದರ ಜೊತೆಗೆ ‘ಸ್ಕ್ಯಾನ್ ಮಾಡಿಸಿದೆ’, ‘ಚೆಕಪ್ ಮಾಡಿಸಿದೆ’ ಎಂಬ ಪ್ರೇರಣಾರ್ಥಕ ರೂಪಗಳು ಬಳಕೆಗೆ ಬಂದಿವೆ. ಇಲ್ಲಿ ರೋಗಿಯು ಕೆಲಸ ಮಾಡಿಸಿಕೊಳ್ಳುವ ಯಜಮಾನ. ‘ನಮ್ಮ ಡಾಕ್ಟರು’ ಎಂಬಲ್ಲಿಯ ಷಷ್ಠೀವಿಭಕ್ತಿಯೂ ಕ್ರಮವಾಗಿ ಆಸ್ಪತ್ರೆಯ ಹೆಸರಿಗೆ ಸಲ್ಲುತ್ತಿದೆ. ‘ಕೈಗುಣ’ವೆಂಬ ಮಾತು ಇನ್ನೂ ವಿಚಿತ್ರವಾದುದು. ಶ್ರುತ, ಅನುಭವ, ದಾಕ್ಷ್ಯ, ಶೌಚ ಎಂದು ಚರಕನು ವೈದ್ಯನಿಗೆ ಕೊಟ್ಟ ಪಟ್ಟಿಯಲ್ಲಿ ಅದಿಲ್ಲ. ಅದು ಜನರೇ ಸೇರಿಸಿದ ಐದನೆಯ ಗುಣ. ಹತ್ತು ಮಂದಿ ವೈದ್ಯರು ಸರದಿಯಂತೆ ಕುಳಿತುಕೊಳ್ಳುವ ಕಟ್ಟಡದಲ್ಲಿ ಕೈಗುಣವನ್ನು ಯಾರಿಗೆ ಆರೋಪಿಸಬೇಕೆಂಬುದು ತಿಳಿಯದು.

ಹಾಗೆಂದು ಆ ಕಾಲವನ್ನು ಬರಿದೆ ಹೊಗಳುವುದು ಸಲ್ಲದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ಜನ ಸಂತೋಷದಿಂದ ಹೇಳುವುದು, ಹಾಗಾಗುವುದು ಅಪರೂಪವಾದ್ದರಿಂದಲೇ. ಸೀಸೆಯಲ್ಲಿ ಏನಿದೆಯೆಂದು ಕೇಳುವ ಪದ್ಧತಿ ಇರಲಿಲ್ಲ. ಹೆಂಗಸಿನ ಬಾಧೆಯನ್ನು ಅತ್ತೆಯೋ ಗಂಡನೋ ಹೇಳುವನು; ಉತ್ತರವನ್ನೂ ಅವರೇ ಕೇಳಿಕೊಳ್ಳುವರು. ಪ್ಲೇಟೋ ಶಾಸನಗಳನ್ನು ಕುರಿತ ತನ್ನ ಸಂವಾದದ ನಾಲ್ಕನೆಯ ಪುಸ್ತಕದಲ್ಲಿ ಎರಡು ಬಗೆಯ ವೈದ್ಯರನ್ನು ವರ್ಣಿಸುತ್ತಾನೆ: ದಾಸರಿಗೆ ಮದ್ದು ಕೊಡುವವನು ಕಾರಣ ಹೇಳದೆ ಅಪ್ಪಣೆ ಮಾಡಿ ಮುಂದಕ್ಕೆ ಹೋಗುವನು, ಸ್ವತಂತ್ರರ ವೈದ್ಯನು ರೋಗಿಯೊಡನೆಯೂ ಅವನ ಬಂಧುಗಳೊಡನೆಯೂ ಮಾತಾಡಿ, ಅವನನ್ನು ಒಪ್ಪಿಸಿದ ಮೇಲೆಯೇ ಮದ್ದನ್ನು ವಿಧಿಸುವನು. ಮನೆವೈದ್ಯನಲ್ಲಿ ಈ ಇಬ್ಬರೂ ಬೆರೆತಿದ್ದರು. ಅವನು ಬಂಧುಗಳೊಡನೆ ಮಾತಾಡುತ್ತಿದ್ದನು, ಕಾರಣವನ್ನು ಮಾತ್ರ ಹೇಳುತ್ತಿರಲಿಲ್ಲ. ಆ ಕೊರತೆಯನ್ನು ಕೆಲಮಟ್ಟಿಗೆ ತುಂಬಿದವರು ಲೇಖಕರಾಗಿದ್ದ ವೈದ್ಯರು. 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದ ಡಾ. ಎಂ. ಶಿವರಾಂ ಮನೋವ್ಯಾಪಾರಗಳ ವಿಷಯವನ್ನೂ, ಡಾ. ಅನುಪಮಾ ನಿರಂಜನ ‘ತಾಯಿ-ಮಗು’ವಿನಂಥ ಪುಸ್ತಕದಲ್ಲಿ ಬಸಿರು-ಬಾಣಂತನಗಳ ವಿಷಯವನ್ನೂ ತಿಳಿಗನ್ನಡದಲ್ಲಿ ಬರೆದರು. ಷಾಪಿನಲ್ಲಿ ದೊರೆಯದ ವಿವರಣೆ ಅಚ್ಚಿನಲ್ಲಿ ದೊರೆಯಿತು.

ಮೊದಲ ಮಾರ್ಪಾಟು ಕಾರ್ಖಾನೆಗಳಿಂದ ಬಂದಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, ಅನಂತರ ಎನ್.ಜಿ.ಇ.ಎಫ್., ರಕ್ಷಣಾ ಸಂಶೋಧನೆಯ ಎಲ್.ಆರ್.ಡಿ.ಇ., ಜಿ.ಟಿ.ಆರ್.ಇ. ಪ್ರಯೋಗಾಲಯಗಳು ಈ ಭಾಗದಲ್ಲಿ ನೆಲೆಗೊಂಡವು. ನೌಕರರ ಪಾಲಿಗೆ ಕಾರ್ಖಾನೆಯ ಆಸ್ಪತ್ರೆ, 1948ರ ಶಾಸನದಂತೆ ಇ.ಎಸ್.ಐ., ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ಇವು ಏರ್ಪಟ್ಟವು. ಫೀಸಿನ ಭಯ ತಪ್ಪಿದ್ದು ಸಣ್ಣ ಲಾಭವಲ್ಲ. ಆದರೆ ಅಲ್ಲಿಯ ವೈದ್ಯನು ವರ್ಗವಾಗುವವನು, ರೋಗಿಯು ಆರಿಸಿಕೊಂಡವನಲ್ಲ. ಅವನ ಸಹಿಯುಳ್ಳ ಚೀಟಿಯೇ ದೊಡ್ಡ ಆಸ್ಪತ್ರೆಗೆ ದಾರಿಯಾದ್ದರಿಂದ, ಬೆಂಚಿನ ಮೇಲೆ ಕುಳಿತವರಲ್ಲಿ ಹಲವರು ಅವನನ್ನು ಕಾಣುತ್ತಿದ್ದುದು ಆ ಚೀಟಿಗಾಗಿಯೇ.

ಎರಡನೆಯ ಮಾರ್ಪಾಟು ನ್ಯಾಯಸ್ಥಾನದಿಂದ ಬಂದಿತು. 1995ರಲ್ಲಿ ವಿ.ಪಿ. ಶಾಂತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಫೀಸು ಪಡೆದು ಮಾಡುವ ಚಿಕಿತ್ಸೆಯು 1986ರ ಗ್ರಾಹಕ ಸಂರಕ್ಷಣಾ ಶಾಸನಕ್ಕೆ ಒಳಪಟ್ಟ ಸೇವೆಯೆಂದು ತೀರ್ಮಾನಿಸಿತು. 2008ರ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ, ಅರಿವಳಿಕೆಯಲ್ಲಿದ್ದ ವಯಸ್ಕ ಸ್ತ್ರೀಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ, ಪ್ರಾಣಾಪಾಯದ ತುರ್ತಿಲ್ಲದಾಗ, ಒಪ್ಪಿಗೆಯಾಗದೆಂದು ಹೇಳಿತು. ಹಳೆಯ ಮನೆವೈದ್ಯನ ಪದ್ಧತಿಯ ಬುಡಕ್ಕೇ ತಗುಲುವ ಮಾತಿದು: ಹಿರಿಯರನ್ನು ಕೇಳಿದರೆ ಸಾಕೆಂಬ ನಡವಳಿಕೆ ಅಸಿಂಧುವಾಯಿತು. ನಿರ್ದೇಶಕಾರಿತ್ವದ ಸ್ಥಾನಕ್ಕೆ ಸಮ್ಮತಿ ಬಂದಿತು. ಇದನ್ನು ನಷ್ಟವೆಂದು ಎಣಿಸುವವರು ಆ ಸ್ತ್ರೀಯ ಸ್ಥಾನದಲ್ಲಿ ತಮ್ಮನ್ನು ಇಟ್ಟು ನೋಡಬೇಕು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನಕ್ಕೆ 2017ರಲ್ಲಿ ತಿದ್ದುಪಡಿಯಾದಾಗ ವೈದ್ಯರು ಮುಷ್ಕರ ಹೂಡಿದ್ದು, ಎರಡು ಪಕ್ಷಗಳೂ ಪರಸ್ಪರ ಸಂದೇಹಕ್ಕೆ ಬಂದು ನಿಂತಿದ್ದುವೆಂಬುದನ್ನು ತೋರಿಸುತ್ತದೆ.

ಕಷ್ಟವಿರುವುದು ಸ್ಮೃತಿಯ ವಿಷಯದಲ್ಲಿ. ವೈದ್ಯಕೀಯ ಮಂಡಲಿಯ 2002ರ ನಿಯಮಾವಳಿಯು ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕೆಂದೂ, ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದೂ ವಿಧಿಸಿತು. ದಾಖಲೆಯ ಈ ವಿಧಿ ಹೊರರೋಗಿಯನ್ನು ಹೆಸರಿಸಲಿಲ್ಲ. ಮನೆವೈದ್ಯನ ರೋಗಿಗಳಾದರೋ ಬಹುತೇಕ ಹೊರರೋಗಿಗಳೇ. ಆರೋಗ್ಯವಿಮೆಯೂ ಸಾಮಾನ್ಯವಾಗಿ ಹಾಸಿಗೆ ಹಿಡಿದವನಿಗೇ ಹಣ ಕೊಡುವುದರಿಂದ, ಜನ ಷಾಪನ್ನು ಬಿಟ್ಟು ಆಸ್ಪತ್ರೆಯ ಕಡೆ ತಿರುಗಿದರು. ಪ್ರಯೋಗಾಲಯದಿಂದ ನಿವೃತ್ತನಾಗಿ, ಮಕ್ಕಳನ್ನು ಹೊರದೇಶಕ್ಕೆ ಕಳಿಸಿ, ರಾಮನ್ ನಗರದಲ್ಲಿ ಹೆಂಡತಿಯೊಡನೆ ಇರುವ ವೃದ್ಧನನ್ನು ಭಾವಿಸಿಕೊಳ್ಳಬಹುದು. ಹೃದಯಕ್ಕೊಬ್ಬ, ಸಕ್ಕರೆಗೊಬ್ಬ, ಮಂಡಿಗೊಬ್ಬ ತಜ್ಞ. ಮೂವರ ಚೀಟಿಗಳೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಮಂಡಿಯ ನೋವಿಗೆ ಕೊಟ್ಟ ಗುಳಿಗೆ ಹೃದಯಕ್ಕೂ ಮೂತ್ರಪಿಂಡಕ್ಕೂ ತೊಂದರೆ ಮಾಡಬಲ್ಲುದು. ಆ ಮೂರು ಚೀಟಿಗಳನ್ನು ಒಟ್ಟಿಗೆ ಓದುವವನೇ ಮನೆವೈದ್ಯನಾಗಿದ್ದನು. ಈಗ ಆ ಕೆಲಸ ಚೀಲ ಹಿಡಿದ ಹೆಂಡತಿಯದು. ಪರಿಚಾರಕನ ಪಾದವು ವೈದ್ಯನ ಭಾರವನ್ನೂ ಹೊತ್ತಂತಾಯಿತು.

ಬಾಗ್ಮನೆ ತಂತ್ರಜ್ಞಾನ ಕೇಂದ್ರದಂಥ ಕಡೆಗಳಲ್ಲಿ ದುಡಿಯುವ ಕಿರಿಯರ ರೀತಿ ಬೇರೆ. ತಮ್ಮ ರೋಗದ ವಿಷಯವನ್ನು ಮೊದಲೇ ಓದಿಕೊಂಡು ಹೋಗುವ ಇವರಲ್ಲಿ ಜ್ಞಾಪಕತ್ವವು ಬೇಕಾದಷ್ಟಿದೆ. ಅಭೀರುತ್ವವು ಆ ಓದಿನಿಂದಲೇ ಕುಂದುವುದೂ ಉಂಟು. ದೂರದಿಂದ ಸಲಹೆ ನೀಡುವುದಕ್ಕೆ 2020ರ ಮಾರ್ಚಿಯಲ್ಲಿ ಕೇಂದ್ರವು ನಿಯಮಗಳನ್ನು ಹೊರಡಿಸಿದ ಮೇಲೆ, ನಾಡಿ ಮುಟ್ಟದ ವೈದ್ಯನೂ ಶಾಸನಸಮ್ಮತನಾದನು.

ಇಂಗ್ಲೆಂಡಿನಲ್ಲಿ 1948ರಿಂದ ಪ್ರತಿಯೊಬ್ಬ ನಿವಾಸಿಯ ಹೆಸರೂ ಒಬ್ಬ ಸಾಮಾನ್ಯ ವೈದ್ಯನ ಪಟ್ಟಿಯಲ್ಲಿ ಸೇರಲು ಅವಕಾಶವಿದೆ. ಕಾಗದಗಳು ಆ ಪಟ್ಟಿಯೊಡನೆ ಸಾಗುತ್ತವೆ. ಅದೇ ಹೊತ್ತಿನಲ್ಲಿ, 1946ರಲ್ಲಿ, ಭೋರ್ ಸಮಿತಿಯು ಎಲ್.ಎಂ.ಪಿ. ವರ್ಗವನ್ನು ನಿಲ್ಲಿಸಿ ಒಂದೇ ಬಗೆಯ ಪದವೀಧರ ವೈದ್ಯನಿರಬೇಕೆಂದು ಇಲ್ಲಿ ಸಲಹೆಯಿತ್ತಿತು. ಪದವಿ ಏರಿತು, ಪಟ್ಟಿ ಏರ್ಪಡಲಿಲ್ಲ. ಕರ್ನಾಟಕ ಸರ್ಕಾರವು 2022ರಲ್ಲಿ ತೆರೆಯತೊಡಗಿದ ‘ನಮ್ಮ ಕ್ಲಿನಿಕ್’ಗಳು ಬೀದಿಯ ಮೂಲೆಗೆ ಡಾಕ್ಟರನ್ನು ಮತ್ತೆ ತಂದಿವೆ, ಔಷಧವೂ ಧರ್ಮಾರ್ಥ. ಹೆಸರಿನಲ್ಲಿ ಆ ಹಳೆಯ ಷಷ್ಠೀವಿಭಕ್ತಿ ಮರಳಿ ಬಂದಿದೆ. ಅದು ಕಟ್ಟಡಕ್ಕೆ ಸೇರಿದೆ, ವೈದ್ಯನಿಗೆ ಇನ್ನೂ ಸೇರಿಲ್ಲ.