ಸಿಬಿಲ್ ಸ್ಕೋರಿನ ಭಿನ್ನರಾಶಿ

ವರ್ಕಾಡಿಯ ಒಂದು ಶಾಲೆಯಲ್ಲಿ ಒಂದೇ ಸಂಬಳದ ಇಬ್ಬರು ಅಧ್ಯಾಪಕರಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರೂ ಮಂಗಳೂರಿಗೆ ಹೋಗಿ 36,000 ರೂಪಾಯಿಯ ಲ್ಯಾಪ್‌ಟಾಪನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರು. ಬಿಲ್ಲು ಬಂದ ಮೇಲೆ ಕೊನೆಯ ದಿನದೊಳಗೆ ಪೂರ್ತಿ ಕಟ್ಟಿಯೂ ಆಯಿತು. ಆದರೆ ಆ ತಿಂಗಳೇ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಒಬ್ಬರ ಸ್ಕೋರು ಇಳಿದಿದೆ, ಇನ್ನೊಬ್ಬರದ್ದು ಇದ್ದಲ್ಲೇ ಇದೆ. ಯಾಕೆ?

ಉತ್ತರ ಏಳನೇ ಕ್ಲಾಸಿನ ಶೇಕಡಾ ಲೆಕ್ಕದಲ್ಲಿದೆ. ಮೊದಲನೆಯವರ ಕಾರ್ಡಿನ ಮಿತಿ 40,000. 36ನ್ನು 40ರಿಂದ ಭಾಗಿಸಿದರೆ ಶೇ. 90. ಎರಡನೆಯವರ ಮಿತಿ 2 ಲಕ್ಷ, ಅವರದ್ದು ಶೇ. 18 ಮಾತ್ರ. ಬ್ಯಾಂಕು ಸಾಮಾನ್ಯವಾಗಿ ಬಿಲ್ಲು ತಯಾರಾದ ದಿನದ ಬಾಕಿಯನ್ನೇ ವರದಿ ಮಾಡುತ್ತದೆ, ನೀವು ಆಮೇಲೆ ಕಟ್ಟಿದ್ದು ಮುಂದಿನ ವರದಿಯಲ್ಲಿ ಬಂದೀತು. ಮಿತಿಯ ಹತ್ತಿರ ಹೋದವರು ಕೈ ಬಿಗಿಯಾಗಿರುವವರು ಎಂದು ಲೆಕ್ಕಾಚಾರ ಹೇಳುತ್ತದೆ. ಶೇ. 30ರೊಳಗೆ ಇಟ್ಟುಕೊಳ್ಳಿ ಎನ್ನುವುದು ರೂಢಿಯ ಸಲಹೆ, ಕಾನೂನಲ್ಲ. ದೊಡ್ಡ ಖರೀದಿ ಮಾಡಿದರೆ ಬಿಲ್ಲು ತಯಾರಾಗುವ ಮೊದಲೇ ಒಂದಿಷ್ಟು ಕಟ್ಟಿಬಿಡಿ, ಆಯಿತಲ್ಲ.

ಇಳಿದರೇನಂತೆ ಎನ್ನುತ್ತೀರಾ? ಈಗ ಎಷ್ಟೋ ಬ್ಯಾಂಕುಗಳು ಮನೆ ಸಾಲದ ಬಡ್ಡಿಯನ್ನು ಸ್ಕೋರು ನೋಡಿ ನಿರ್ಧರಿಸುತ್ತವೆ. 20 ಲಕ್ಷ ಸಾಲ, 20 ವರ್ಷ: ಶೇ. 8.5ಕ್ಕೆ ತಿಂಗಳ ಕಂತು ಸುಮಾರು 17,356 ರೂಪಾಯಿ, ಶೇ. 9ಕ್ಕೆ 17,995. ಅರ್ಧ ಶೇಕಡಾ ಅಂದರೆ ಒಟ್ಟು ಒಂದೂವರೆ ಲಕ್ಷಕ್ಕೂ ಮೇಲೆ, ಮಾರಾಯ್ರೆ!

ನಾವು ಸಿಬಿಲ್ ಎನ್ನುವುದು 2000ದಲ್ಲಿ ಹುಟ್ಟಿದ ಕಂಪನಿಯ ಹೆಸರು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಇವೆ. ಅಂಕ 300ರಿಂದ 900ರವರೆಗೆ. ನಿಮ್ಮ ಸಂಬಳ ಈ ಅಂಕದಲ್ಲಿ ಸೇರುವುದಿಲ್ಲ. ಕಾರ್ಡು ಚಿನ್ನದ ಬಣ್ಣದ್ದೋ, ಪ್ಲಾಟಿನಂ ಹೆಸರಿನದ್ದೋ ಎಂಬುದೂ ಇಲ್ಲ.

ಹಾಗಾದರೆ ಕಾರ್ಡಿನ ಆಯ್ಕೆಗೆ ಏನು ಕೆಲಸ? ಮಿತಿ ಹೇಳಿ ಆಯಿತು. ಇನ್ನೊಂದು ಅರ್ಜಿ. ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ವರದಿ ತೆಗೆದು ನೋಡುತ್ತದೆ, ಆ ವಿಚಾರಣೆ ದಾಖಲಾಗುತ್ತದೆ. ಮಾಲ್‌ನಲ್ಲಿ ನಿಂತವರು ಉಚಿತ ಬ್ಯಾಗಿನ ಆಸೆ ತೋರಿಸಿದರೆಂದು ಒಂದೇ ತಿಂಗಳಲ್ಲಿ ನಾಲ್ಕು ಕಡೆ ಸಹಿ ಹಾಕಿದರೆ ಸ್ಕೋರು ತಗ್ಗೀತು. ವಾರ್ಷಿಕ ಶುಲ್ಕ ಇರುವ ಕಾರ್ಡಿನದ್ದು ಬೇರೆಯೇ ಕಥೆ: ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಶುಲ್ಕದ ಬಿಲ್ಲು ಬರುತ್ತದೆ, ನಾವು ಮರೆಯುತ್ತೇವೆ, ಅದೇ ಬಾಕಿ ಎಂದು ವರದಿಯಾಗುತ್ತದೆ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡವೆಂದು ವರದಿ ಮಾಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೂರು ದಿನವನ್ನು ನಂಬಿ ಕೂರಬೇಡಿ.

ಹಾಗೆಂದು ಹಳೆಯ ಕಾರ್ಡನ್ನು ಸಿಟ್ಟಿನಲ್ಲಿ ರದ್ದು ಮಾಡುವುದೂ ಜಾಣತನವಲ್ಲ. 1 ಲಕ್ಷ ಮಿತಿಯ ಹಳೇ ಕಾರ್ಡು, 40,000ದ ಹೊಸತು, ಬಾಕಿ 30,000 ಇದ್ದರೆ ಬಳಕೆ ಸುಮಾರು ಶೇ. 21. ಹಳೆಯದನ್ನು ಮುಚ್ಚಿದರೆ ಅದೇ ಬಾಕಿ ಶೇ. 75 ಆಗುತ್ತದೆ. ಶುಲ್ಕವಿಲ್ಲದ ಹಳೆಯ ಕಾರ್ಡು ಇರಲಿ ಬಿಡಿ.

ಕೆಲಸಕ್ಕೆ ಹೊಸದಾಗಿ ಸೇರಿದ, ಸಾಲದ ಚರಿತ್ರೆಯೇ ಇಲ್ಲದ ಟೀಚರುಗಳಿಗೆ ನಿರಖು ಠೇವಣಿ ಇಟ್ಟು ಪಡೆಯುವ ಕಾರ್ಡು ಒಳ್ಳೆಯದೆಂದು ನನಗೆ ಕಾಣುತ್ತದೆ. ಅದರ ಪಾವತಿಯೂ ವರದಿಯಾಗುತ್ತದೆ. ಆದರೆ 'ಕನಿಷ್ಠ ಮೊತ್ತ' ಮಾತ್ರ ಕಟ್ಟುವ ಅಭ್ಯಾಸ ಬೇಡ. ತಡ ಎಂಬ ಗುರುತು ಬೀಳದಿದ್ದರೂ ಉಳಿದ ಬಾಕಿಗೆ ತಿಂಗಳಿಗೆ ಶೇ. 3ಕ್ಕೂ ಮೇಲೆ ಬಡ್ಡಿ ಬೀಳುವುದು ಸಾಮಾನ್ಯ, ಬಳಕೆಯ ಶೇಕಡಾವೂ ಇಳಿಯುವುದಿಲ್ಲ.

ಸ್ವಂತ ವರದಿ ನೋಡಿದರೆ ಅಂಕ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಸ್ಟಾಫ್ ರೂಮಿನಲ್ಲಿ ಕೇಳಿಬರುವುದುಂಟು. ಸುಳ್ಳು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅದರಲ್ಲಿ ನಿಮ್ಮದಲ್ಲದ ಸಾಲ ಕಂಡರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಿಗಬೇಕು.