ಗೇಣುದ್ದದ ಕ್ಯಾಡಿಲಾಕ್

1959ರ ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ ಉದ್ದ 225 ಇಂಚು. ಅದನ್ನು 25ರಿಂದ ಭಾಗಿಸಿದರೆ 9 ಇಂಚು, ನಮ್ಮ ಹಿರಿಯರ ಅಳತೆಯಲ್ಲಿ ಸರಿಯಾಗಿ ಒಂದು ಗೇಣು. ಯಾದಗಿರಿ ಜಿಲ್ಲೆಯ ವಡಗೇರಾದಂಥ ಊರಿನಲ್ಲಿ ಈ ಗೇಣುದ್ದದ ಕಾರನ್ನು ಮೇಜಿನ ಮೇಲಿಟ್ಟುಕೊಂಡು, ಕೈಯಲ್ಲಿ ಅರ ಹಿಡಿದು ಕೂತರೆ ಬಾಗಿಲಲ್ಲಿ ಇಣುಕಿದವರು ಕೇಳುವ ಮಾತು ಒಂದೇ: "ಈ ವಯಸ್ಸಿನಾಗ ಆಟಿಗಿ ಸಾಮಾನು ಯಾಕ್ರಿ?"

ಆಟಿಕೆ ಎಂಬುದೇ ಮೊದಲ ತಪ್ಪು ತಿಳಿವಳಿಕೆ. ಅಮೆರಿಕದ ಕಾರು ಮಾಡೆಲ್ಲುಗಳು ಬೆಳೆದದ್ದು ಕಾರು ಮಾರುವವರ ಮೇಜಿನ ಮೇಲೆ. 1948ರಲ್ಲಿ ಮಿಷಿಗನ್‌ನಲ್ಲಿ ಹುಟ್ಟಿದ ಎಎಂಟಿ ಕಂಪನಿ ಫೋರ್ಡ್ ಡೀಲರುಗಳಿಗಾಗಿ ಪುಟ್ಟ ಕಾರುಗಳನ್ನು ಮಾಡಿಕೊಡುತ್ತಿತ್ತು. ಗಿರಾಕಿ ಅದನ್ನು ನೋಡಿ ಆಕಾರ, ಬಣ್ಣ ಒಪ್ಪಬೇಕು. ಹಾಗಾಗಿ ಅಳತೆ ತಪ್ಪುವಂತಿರಲಿಲ್ಲ. 1958ರಲ್ಲಿ ಅದೇ ಕಂಪನಿ ಕಾರನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗೆ ತುಂಬಿ 'ಒಂದರಲ್ಲಿ ಮೂರು' ಕಿಟ್ಟುಗಳನ್ನು ತಂದಿತು. ಅಸಲಿಯಂತೆ ಕಟ್ಟಬಹುದು, ಬೇಕಾದಂತೆ ಮಾರ್ಪಡಿಸಬಹುದು, ಇಲ್ಲವೇ ರೇಸಿಗೆ ಸಜ್ಜು ಮಾಡಬಹುದು. ಹುಡುಗರೇ ಹೆಚ್ಚು ಕೊಂಡರು, ಅದೂ ನಿಜ. ಆದರೆ ಹುಡುಗರು ಕೊಂಡದ್ದೆಲ್ಲ ಆಟಿಕೆಯಾಗುವುದಿಲ್ಲ.

ಹಾಗಾದರೆ ಜಾತ್ರೆಯಲ್ಲಿ, ಯಾದಗಿರಿಯ ಅಂಗಡಿಯಲ್ಲಿ ತೂಗುಹಾಕಿರುವ ಹಾಟ್‌ವೀಲ್ಸ್ ಕೂಡ ಅಳತೆಯ ಮಾಡೆಲ್ಲೇ ಅಲ್ಲವೇ? ಅಲ್ಲ. 1968ರಲ್ಲಿ 16 ಕಾರುಗಳೊಂದಿಗೆ ಶುರುವಾದ ಆ ಸಾಲಿನಲ್ಲಿ ಪ್ಯಾಕೆಟ್ಟೇ ಯಜಮಾನ. 64ನೇ ಒಂದು ಅಳತೆ ಎಂದು ರೂಢಿಯ ಮಾತಿದ್ದರೂ ಸಣ್ಣ ಕಾರು ಉಬ್ಬಿ, ದೊಡ್ಡ ಲಾರಿ ಕುಗ್ಗಿ, ಎರಡೂ ಒಂದೇ ರಟ್ಟಿನ ಮೇಲೆ ಕೂರುತ್ತವೆ. ನಮ್ಮ ಕ್ಯಾಡಿಲಾಕ್ ನಿಜಕ್ಕೂ 64ನೇ ಒಂದಾಗಿದ್ದರೆ ಮೂರೂವರೆ ಇಂಚು ಇರಬೇಕಿತ್ತು. ಅಷ್ಟುದ್ದ ಅಲ್ಲಿ ಯಾರು ಬಿಡುತ್ತಾರೆ?

25ನೇ ಒಂದು ಎಂದರೂ ಜನ ಬರೀ ಉದ್ದವನ್ನು ಲೆಕ್ಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಗಾತ್ರ 15,625ನೇ ಒಂದು ಭಾಗಕ್ಕೆ ಇಳಿಯುತ್ತದೆ. ಕುಗ್ಗದೇ ಉಳಿಯುವುದು ಬಣ್ಣ. ಮಾಡೆಲ್ ಮೇಲೆ 0.1 ಮಿಲಿಮೀಟರ್ ಬಣ್ಣ ಕೂತರೆ ಅಸಲಿ ಕಾರಿನ ಲೆಕ್ಕದಲ್ಲಿ ಅದು ಎರಡೂವರೆ ಮಿಲಿಮೀಟರ್. ಗೋಡೆಗೆ ಗಿಲಾವು ಮೆತ್ತಿದ ಹಾಗೆ. ಬಾಗಿಲಿನ ಸಂದು, ಬಾನೆಟ್ಟಿನ ಅಕ್ಷರ ಎಲ್ಲ ಹೂತುಹೋಗುತ್ತವೆ. ಆದ್ದರಿಂದ ದಪ್ಪ ಬಣ್ಣ ಹೊಡೆದರೆ ಹೊಳಪು ಜಾಸ್ತಿ ಎಂದು ನಂಬಿದವರ ಕಾರು ಸೋಪಿನ ತುಂಡಾಗಿ ಮುಗಿಯುತ್ತದೆ. ತೆಳುವಾಗಿ ಹಲವು ಸಲ ಹೊಡೆಯಬೇಕು, ನಡುವೆ ಒಣಗಲು ಬಿಡಬೇಕು.

ಅಂಟಿನ ವಿಷಯದಲ್ಲಿ ಇರುವಷ್ಟು ಗೊಂದಲ ಬೇರೆಲ್ಲೂ ಇಲ್ಲ. 'ಫೆವಿಕ್ವಿಕ್ ಇದ್ದರಾಯಿತು' ಅನ್ನುವುದು ಎಲ್ಲರ ಬಾಯಲ್ಲೂ ಬರುವ ಸಲಹೆ. ಕಿಟ್ಟಿನ ಪ್ಲಾಸ್ಟಿಕ್ಕು ಪಾಲಿಸ್ಟೈರೀನ್. ಅದಕ್ಕೆಂದೇ ಇರುವ ಸಿಮೆಂಟು ಅಂಟೇ ಅಲ್ಲ, ದ್ರಾವಕ. ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ವೆಲ್ಡಿಂಗ್ ಎಂದೇ ಅನ್ನಬಹುದು. ಫೆವಿಕ್ವಿಕ್ ಥರದ ಅಂಟಿನ ಆವಿ ಗಾಜಿನ ಭಾಗಗಳ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ. ಆಮೇಲೆ ಆ ಕಾರು ಬಾರಾ ತಿಂಗಳೂ ಮಂಜಿನಲ್ಲಿ ನಿಂತಂತೆ ಕಾಣುತ್ತದೆ. ತಮಾಷೆ ಏನೆಂದರೆ, ಎಲ್ಲರೂ 'ಅದು ಕಟ್ಟಿಗೆಗೆ ಮಾತ್ರ' ಎಂದು ತಳ್ಳಿಹಾಕುವ ಬಿಳಿ ಫೆವಿಕಾಲೇ ಗಾಜು ಕೂರಿಸಲು ಸರಿ. ಅದು ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಕರಗಿಸುವುದೂ ಇಲ್ಲ, ಒಣಗಿದಾಗ ಪಾರದರ್ಶಕ. ಗಾಜಿಗೆ ಅಷ್ಟು ಹಿಡಿತ ಸಾಕು. ಇನ್ನು ಕ್ರೋಮ್ ಭಾಗಗಳು: ಅವು ಲೋಹವಲ್ಲ, ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂನ ತೆಳುಪದರ. ಅಂಟು ಹಚ್ಚುವ ಜಾಗದಲ್ಲಿ ಆ ಪದರ ಕೆರೆಯದಿದ್ದರೆ ಸಿಮೆಂಟು ಎಷ್ಟು ಸುರಿದರೂ ಬಂಪರ್ ಉದುರುತ್ತದೆ. ತಪ್ಪಿದ ಬಣ್ಣವನ್ನು ನೇಲ್‌ಪಾಲಿಶ್ ತೆಗೆಯುವ ಅಸಿಟೋನಿನಿಂದ ಒರೆಸಲು ಹೋದರೆ ಬಣ್ಣದ ಜತೆ ಕಾರೂ ಹೋಗುತ್ತದೆ.

"ನಮ್ಮ ಬ್ಯಾಸಗ್ಯಾಗ ಇದು ಕರಗಂಗಿಲ್ಲೇನು?" ಭೀಮಾ ಮತ್ತು ಕೃಷ್ಣೆಯ ನಡುವಿನ ಈ ಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲವಾದ್ದರಿಂದ ಪ್ರಶ್ನೆ ಸಹಜ. ಪಾಲಿಸ್ಟೈರೀನ್ ಮೆತ್ತಗಾಗಲು 90ರಿಂದ 100 ಡಿಗ್ರಿ ಹತ್ತಿರ ಬೇಕು. ಮನೆಯೊಳಗಿನ ಕಪಾಟಿನಲ್ಲಿ ಏನೂ ಆಗದು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೋ, ಬಿಸಿಲು ನೇರ ಬೀಳುವ ಕಿಟಕಿಯಲ್ಲೋ ಇಟ್ಟರೆ ತೆಳುವಾದ ಮೇಲ್ಛಾವಣಿ ಕುಸಿಯಬಹುದು. ಬಿಸಿಲಿನ ನಿಜವಾದ ಕಾಟ ಸ್ಪ್ರೇ ಹೊಡೆಯುವಾಗ. ಬಣ್ಣದ ಹನಿ ಕಾರನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ರವೆಯಂತೆ ಬೀಳುತ್ತದೆ. ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳುವುದು ಜಾಣತನ. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಅದು ಇನ್ನೊಂದು ರಗಳೆ.

ಹಳೆಯ ಡೀಲರ್ ಮಾಡೆಲ್ಲುಗಳು ಸೊಟ್ಟಗಾಗಿರುವುದನ್ನು ನೋಡಿ ಬಿಸಿಲಿಗೆ ಇಟ್ಟಿದ್ದರು ಎಂದು ಬೈಯುವವರಿದ್ದಾರೆ. ಅವು ಸೆಲ್ಯುಲೋಸ್ ಅಸಿಟೇಟಿನವು. ತಂಪಾದ ಕತ್ತಲೆ ಕೋಣೆಯಲ್ಲಿಟ್ಟರೂ ದಶಕಗಳಲ್ಲಿ ತಾವಾಗಿಯೇ ತಿರುಚಿಕೊಳ್ಳುತ್ತವೆ. ಪೆಟ್ಟಿಗೆ ಬಿಚ್ಚದೇ ಇಟ್ಟರೆ ಕಿಟ್ಟು ಕೆಡುವುದಿಲ್ಲ ಎಂಬುದೂ ಅಂಥದ್ದೇ ತಪ್ಪು ತಿಳಿವಳಿಕೆ. ಮೆತ್ತನೆಯ ವಿನೈಲ್ ಟೈರಿನೊಳಗಿನ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಹೊರಬಂದು, ಪಕ್ಕದ ಪಾಲಿಸ್ಟೈರೀನ್ ಭಾಗವನ್ನು ತಿಂದು ಗುಳಿ ಮಾಡುತ್ತದೆ. ಟೈರುಗಳನ್ನು ಬೇರೆ ಚೀಲಕ್ಕೆ ಹಾಕಿಡಬೇಕು.

ಬೆಲೆಯ ಕನಸು ಕಾಣುವವರಿಗೂ ಒಂದು ಮಾತು. ಸೀಲು ಒಡೆಯದ ಹಳೆಯ ಕಿಟ್ಟು ಚಿನ್ನ ಅಂತಾರೆ. ಡೆಟ್ರಾಯಿಟ್ ಪ್ರತಿವರ್ಷ ಕಾರಿನ ಮುಖ ಬದಲಿಸುತ್ತಿದ್ದಾಗ ಕಿಟ್ಟಿನವರು ಹೊಸ ಅಚ್ಚು ಕಟ್ಟದೆ ಹೋದ ವರ್ಷದ ಅಚ್ಚನ್ನೇ ತಿದ್ದುತ್ತಿದ್ದರು. ಹಾಗೆ ಅಳಿದುಹೋದ ವರ್ಷದ ಕಿಟ್ಟಿಗೆ ಬೆಲೆ ಉಂಟು. ಅಚ್ಚು ಉಳಿದಿದ್ದರೆ ಅದು ಯಾವಾಗ ಬೇಕಾದರೂ ಮರುಮುದ್ರಣವಾಗಿ ಬರಬಹುದು; ಎಎಂಟಿ ಮತ್ತು ಅದರಂತೆಯೇ ಕಿಟ್ಟು ಮಾಡುತ್ತಿದ್ದ ಎಂಪಿಸಿ ಹೆಸರುಗಳು ಈಗ ರೌಂಡ್ 2 ಎಂಬ ಕಂಪನಿಯ ಕೈಯಲ್ಲಿವೆ, ಅದು ಮಾಡುತ್ತಿರುವುದು ಬಹುಪಾಲು ಇದನ್ನೇ. ಕಟ್ಟುವುದಕ್ಕೆ ಕೊಳ್ಳಿ, ಬಡ್ಡಿಗಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕಿರಿಕಿರಿ ಅನ್ನಿಸುವ ಮಾತು, ಅಮೆರಿಕದ ಕಾರಿಗೂ ನಮಗೂ ಏನು ಸಂಬಂಧ ಎಂಬುದು. ವಡಗೇರಾ ನಿಜಾಮರ ಗುಲಬರ್ಗಾ ಜಿಲ್ಲೆಯಲ್ಲಿದ್ದ ಕಾಲದಲ್ಲಿ ರಾಜಧಾನಿ ಹೈದರಾಬಾದಿನ ಅರಮನೆಯಲ್ಲಿ ಪ್ಯಾಕರ್ಡ್ ಓಡಾಡುತ್ತಿತ್ತು; ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಮ್ಮಿನಲ್ಲಿ ಅದು ಈಗಲೂ ಇದೆ. ಆಚೆ ಮೈಸೂರು ಸೀಮೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಕಾರು ಕಾರ್ಖಾನೆಯ ಯೋಜನೆ ಬರೆದು, ಯೂರೋಪು ಅಮೆರಿಕ ಸುತ್ತಿ ಬಂದರು. ಬೆಂಗಳೂರಿನಲ್ಲಿ ಆಗಬೇಕಿದ್ದ ಅದಕ್ಕೆ ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಅವರ ಜತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ, ಕ್ರೈಸ್ಲರ್ ಕಂಪನಿಯ ಡಾಜ್, ಪ್ಲೈಮೌತ್, ಡಿಸೋಟೊ ಕಾರುಗಳನ್ನು ಕುರ್ಲಾದಲ್ಲಿ ಜೋಡಿಸಿದರು. ಫಾರ್ಗೊ ಲಾರಿಯೂ ಅಲ್ಲಿನದೇ. ಆ ಹೆಸರು ನಮ್ಮ ಕಡೆಯ ಹಳೆಯ ಡ್ರೈವರುಗಳಿಗೆ ಹೊಸದಲ್ಲ.

ಜೀಪಂತೂ ಯಾವ ಹಳ್ಳಿಯವರೂ ಅಮೆರಿಕದ್ದೆಂದು ನಂಬುವುದಿಲ್ಲ. ಮಳೆ ಬಿದ್ದ ಎರಿಮಣ್ಣಿನ ದಾರಿಯಲ್ಲಿ ತಹಶೀಲ್ದಾರರನ್ನೂ ಮತಪೆಟ್ಟಿಗೆಯನ್ನೂ ಹೊತ್ತು ತಂದ ಆ ಗಾಡಿ ಒಹಾಯೊದ ಟೊಲಿಡೊ ಪಟ್ಟಣದ ವಿಲ್ಲಿಸ್ ಕಂಪನಿಯದು. 1940ರ ದಶಕದ ಕೊನೆಯಿಂದ ಅದನ್ನು ಮಹೀಂದ್ರದವರು ಇಲ್ಲಿ ಜೋಡಿಸತೊಡಗಿದರು. ಟಮಿಯ ಕಂಪನಿಯ 35ನೇ ಒಂದು ಅಳತೆಯ ಜೀಪು ಕಟ್ಟಿ 'ಇದು ನಮ್ಮ ಪಿಡಬ್ಲ್ಯುಡಿ ಜೀಪು' ಎನ್ನುವವರಿಗೆ ಮುಖದ ಸೀಳು ಎಣಿಸಲು ಹೇಳಬೇಕು. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿಗೆ ಒಂಬತ್ತು ಸೀಳು, ನಾಗರಿಕರ ಸಿಜೆಗೆ ಏಳು. ಇಲ್ಲಿ ದಶಕಗಟ್ಟಲೆ ತಯಾರಾದ ಸಿಜೆ3ಬಿಗೆ ಎತ್ತರದ ಹರಿಕೇನ್ ಎಂಜಿನ್ ಕೂರಿಸಿದ್ದರಿಂದ ಬಾನೆಟ್ಟೂ ಎತ್ತರ. ಅದನ್ನೇ ಬೇಕೆಂದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬಾನೆಟ್ಟು ಎತ್ತರಿಸಬೇಕು, ಮುಖ ಹೊಸದಾಗಿ ಮಾಡಬೇಕು, ಸ್ಪೇರ್ ಚಕ್ರ ಹಿಂದಿನಿಂದ ಪಕ್ಕಕ್ಕೆ ಬರಬೇಕು. ಸ್ಟೀರಿಂಗ್ ಬಲಕ್ಕೆ ಸರಿಸುವುದು ಮಾತ್ರ ಕ್ಯಾಡಿಲಾಕಿನಷ್ಟು ಕಷ್ಟವಲ್ಲ: ಜೀಪಿನ ಮೀಟರುಗಳು ನಡುವೆಯೇ ಇರುವುದರಿಂದ ಅವಕ್ಕೆ ಕೈ ಹಚ್ಚಬೇಕಿಲ್ಲ, ಮುಖ್ಯವಾಗಿ ಸ್ಟೀರಿಂಗ್ ಕೋಲು ಮತ್ತು ಪೆಡಲುಗಳನ್ನು ಆಚೆ ದಾಟಿಸಬೇಕು.